ಅಪ್ಪನೊಬ್ಬನಿಗೇ ಸಿಗರೇಟು ಸುಂಕ

ಪೊಲೀಸ್ ಆಕ್ಷನ್ ಮುಗಿದ ಮೇಲೆ ಕಲಬುರಗಿಯಲ್ಲಿ ತೆರಿಗೆ ಹಾಕುವ ಸರ್ಕಾರಗಳು ಎರಡಿದ್ದವು. ಒಂದು ಹೈದರಾಬಾದಿನಲ್ಲಿ ಕೂತಿತ್ತು. ಇನ್ನೊಂದು ಗಾಜಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿತ್ತು. ಅದು ನಮ್ಮ ಸೋದರಮಾವ. ಮೊದಲಿನದಕ್ಕೆ ಪೊಲೀಸರಿದ್ದರು, ಕಚೇರಿಗಳಿದ್ದವು. ಮಾವನಿಗೆ ಇದ್ದದ್ದು ಒಂದು ಪೆನ್ಸಿಲ್ಲು, ಒಬ್ಬ ಪಾನ್ ಅಂಗಡಿಯವನ ಸ್ನೇಹ. ಆದರೂ ವಸೂಲಿಯಲ್ಲಿ ಮಾವನೇ ಮುಂದಿದ್ದ ಎಂದು ನನ್ನ ನಂಬಿಕೆ.

ಮಾವ ಸುಂಕದ ಕಚೇರಿಯಲ್ಲಿ ಗುಮಾಸ್ತ. ದರ ಏರಿದರೆ ಮಂದಿ ಕೊಳ್ಳುವುದನ್ನು ಎಷ್ಟು ಕಡಿಮೆ ಮಾಡುತ್ತಾರೆ ಎಂಬುದೊಂದೇ ಅವನ ಜೀವನದ ಪ್ರಶ್ನೆ. ಮದುವೆಯ ವಿಚಾರಕ್ಕೆ ಅದರಿಂದಾಗಿ ಪುರಸೊತ್ತು ಸಿಗಲಿಲ್ಲ. ಮೊದಲ ಪ್ರಯೋಗ ನಮ್ಮ ಮೇಲೆಯೇ ನಡೆಯಿತು. ಒಂದು ಚೂರು ಬೆಲ್ಲ ಬೇಕಾದರೆ ಎರಡರ ಮಗ್ಗಿ ಹೇಳಿದರೆ ಸಾಕಿತ್ತು. ತಿಂಗಳೊಪ್ಪತ್ತಿನಲ್ಲಿ ಅದನ್ನು ಏಳಕ್ಕೆ ಏರಿಸಿದ. ಹದಿಮೂರಕ್ಕೆ ಬಂದಾಗ ನಾನು ಬೆಲ್ಲವನ್ನೇ ಬಿಟ್ಟೆ. ಆಗ ಮಾವನ ಮುಖದ ಕಳೆ ನೋಡಬೇಕಿತ್ತು! ನನ್ನ ತಂಗಿ ಮಾತ್ರ ಒಂದು ಮಗ್ಗಿಯೂ ಬಾರದೆ ದಿನೇ ದಿನೇ ದುಂಡಗಾಗುತ್ತಿದ್ದಳು. ಅವಳು ನೇರವಾಗಿ ಅಡಿಗೆಮನೆಯ ಗಡಿಗೆಗೇ ಕೈ ಹಾಕುತ್ತಿದ್ದಳು. ಈ ಸಂಗತಿಯನ್ನು ಮಾವ ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಮುಂದೆ ಅದರಿಂದಲೇ ಕೆಟ್ಟ.

ಅಪ್ಪ ತೊಗರಿ ವ್ಯಾಪಾರಿ. ಸಿಗರೇಟು ಸೇದುತ್ತಿದ್ದ ಅಂದರೆ ಕಡಿಮೆ ಹೇಳಿದಂತೆ. ಒಂದರ ಬೆಂಕಿಯಿಂದ ಇನ್ನೊಂದು ಹೊತ್ತಿಸಿ, ಕಡ್ಡಿಪೆಟ್ಟಿಗೆ ಉಳಿಸಿದೆ ಎನ್ನುತ್ತಿದ್ದ. ಅವನ ಕೆಮ್ಮು ಶುರುವಾದರೆ ಪಡಸಾಲೆಯ ಗುಬ್ಬಿಗಳು ಹಾರಿ ಹೋಗುತ್ತಿದ್ದವು. ಇಂಥದೇ ಕೆಮ್ಮಿನಲ್ಲಿ ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವನಿಗೆ ಅದೇ ಭಯ. ಬೈದು, ಅತ್ತು, ಆಣೆ ಹಾಕಿಸಿ ಸೋತ ಮೇಲೆ ತಮ್ಮನ ಮುಂದೆ ಬಂದು ಕೂತಳು.

"ಯಪ್ಪಾ, ಅವರ್ನ ಹೆಂಗರ ಮಾಡಿ ಉಳಿಸಿಕೊಡೋ."

ಮಾವ ಪೆನ್ಸಿಲ್ ತೆಗೆದ. ಬುದ್ಧಿಮಾತಿಗೆ ಬಗ್ಗದವರು ಬೆಲೆಗೆ ಬಗ್ಗುತ್ತಾರೆ ಎಂಬುದು ಅವನ ಸಿದ್ಧಾಂತ. ಮೂರು ಸಲ ದರ ಏರಿದರೆ ಭಾವ ಸೊನ್ನೆಗೆ ಇಳಿಯುತ್ತಾರೆ ಎಂದು ಅಂದಾಜು ಹಾಕಿದ. ಆದರೆ ಏರಿಸುವವರು ಯಾರು? ಗುಮಾಸ್ತನ ಮಾತು ಯಾವ ಸರ್ಕಾರ ಕೇಳುತ್ತದೆ? ಹೀಗಾಗಿ ಓಣಿಯ ಪಾನ್ ಅಂಗಡಿಯವನನ್ನು ಒಪ್ಪಿಸಿ, ಇಡೀ ಊರಿನಲ್ಲಿ ಅಪ್ಪನೊಬ್ಬನಿಗೇ ಸುಂಕ ಹೇರಿದ.

ಆಗ ನಮ್ಮಲ್ಲಿ ಎರಡು ನಾಣ್ಯ ನಡೆಯುತ್ತಿದ್ದವು. ನಿಜಾಮರ ಹಾಲಿ ಒಂದು, ಅದಕ್ಕಿಂತ ತುಸು ದುಬಾರಿಯಾದ, ಭಾರತ ಸರ್ಕಾರದ ಕಲ್ದಾರ್ ಇನ್ನೊಂದು. ಮೊದಲ ಏರಿಕೆಯಲ್ಲಿ ಎಲ್ಲರಿಗೂ ಹಾಲಿ ನಡೆಯಿತು, ಅಪ್ಪ ಮಾತ್ರ ಅಷ್ಟೇ ಮೊತ್ತವನ್ನು ಕಲ್ದಾರಿನಲ್ಲಿ ಕೊಡಬೇಕಾಯಿತು. ಇದು ದಿಲ್ಲಿಯ ಹೊಸ ಕಾನೂನು ಎಂದು ಅಂಗಡಿಯವನು ಹೇಳಿದ್ದನ್ನು ನಂಬಿ ಅಪ್ಪ ಕಟ್ಟೆಯ ಮೇಲೆ ಕೂತು ದಿಲ್ಲಿಯವರನ್ನು ಬೈದ. ಅಲ್ಲಿ ಕೂತವರೆಲ್ಲ ಬೀಡಿ ಸೇದುವವರು. ಸಿಗರೇಟಿನ ದರ ಅವರಿಗೇನು ಗೊತ್ತು? ಅವರೂ ತಲೆದೂಗಿ ದಿಲ್ಲಿಯವರನ್ನು ಬೈದರು.

ಹೆಚ್ಚಿಗೆ ಬಂದ ರೊಕ್ಕದಲ್ಲಿ ಮಾವ ಹಕೀಮರಿಂದ ಕೆಮ್ಮಿನ ಜೋಶಾಂದಾ ತರುತ್ತಿದ್ದ. ಅವ್ವ ಅದನ್ನು ಕುದಿಸಿ ಅಪ್ಪನಿಗೇ ಕುಡಿಸುತ್ತಿದ್ದಳು. ಇಷ್ಟು ನ್ಯಾಯವಾಗಿ ಖರ್ಚಾದ ತೆರಿಗೆಯನ್ನು ನಾನು ಆಮೇಲೆ ಕಂಡಿಲ್ಲ.

ಎರಡನೆಯ ಏರಿಕೆಗೆ ಅಪ್ಪ ಅರ್ಧಕ್ಕಿಳಿದ. ಮೂರನೆಯದಕ್ಕೆ ಆ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟ. ಅವ್ವ ಹೋಳಿಗೆ ಮಾಡಿದಳು. ಆದರೆ ಕೆಮ್ಮು ನಿಲ್ಲಲಿಲ್ಲ, ಜೋರಾಯಿತು. ಒಂದೂ ಸೇದದವನು ಇಷ್ಟು ಕೆಮ್ಮುವುದು ಹೇಗೆ? ಹಳೇ ಹೊಗೆ ಹೊರಬೀಳುತ್ತಿದೆ ಎಂದು ಮಾವ ಹೋಳಿಗೆ ತಿನ್ನುತ್ತಾ ಅಂದಾಜಿಸಿದ.

ಅಪ್ಪ ವಾರಕ್ಕೊಮ್ಮೆ ತೊಗರಿ ಕೊಳ್ಳಲು ಕಮಲಾಪುರದ ಸಂತೆಗೆ ಹೋಗಿ, ಬರುವಾಗ ಒಂದು ಬುಟ್ಟಿ ಕೆಂಪು ಬಾಳೆಹಣ್ಣು ತರುತ್ತಿದ್ದ. ಒಂದು ದಿನ ಅವ್ವ ಹಣ್ಣು ತೆಗೆದರೆ ಕೆಳಗೆ ಸಿಗರೇಟಿನ ಪಾಕೀಟುಗಳು! ಕಮಲಾಪುರದಲ್ಲಿ ದರ ಕಡಿಮೆ ಇದ್ದದ್ದು ಕಂಡು, ಅಲ್ಲಿಗೆ ಹೊಸ ಕಾನೂನು ಇನ್ನೂ ಮುಟ್ಟಿಲ್ಲ ಎಂದು ಅಪ್ಪ ತಿಳಿದಿದ್ದ. ಮುಟ್ಟುವುದರೊಳಗೆ ಕೊಂಡಿಡಬೇಕಲ್ಲ? ಕೊಂಡಿಟ್ಟ. ಮನೆಯಲ್ಲಿ ಇದ್ದದ್ದನ್ನು ಸೇದದೆ ಬಿಡುವುದು ಹೇಗೆ? ಮೊದಲಿಗಿಂತ ಹೆಚ್ಚು ಸೇದಿದ. ಅವ್ವ ಬುಟ್ಟಿಯ ಪಕ್ಕದಲ್ಲೇ ಕೂತು ಅತ್ತಳು. ಮಾವ ಆ ದಿನ ಊಟ ಮಾಡಲಿಲ್ಲ.

ಮುಂದಿನ ಸಂತೆಯ ದಿನ ಮಾವ ಕಚೇರಿಗೆ ರಜೆ ಹಾಕಿ ಕಮಲಾಪುರಕ್ಕೆ ಹೋದ. ಅಲ್ಲಿ ನಡೆದದ್ದು ಅಪ್ಪನೇ ನಮಗೆ ಹೇಳಿದ್ದು. ಸಿಗರೇಟು ಮಾರುತ್ತಿದ್ದ ಮುದುಕಿ ದರ ಏರಿಸಲು ಒಪ್ಪಲಿಲ್ಲವಂತೆ. ಒಬ್ಬರಿಗೊಂದು ರೇಟು ಹಚ್ಚಿದರೆ ಸಂತೆಯಲ್ಲಿ ತನ್ನ ಮಾನ ಉಳಿಯುತ್ತದೆಯೇ ಎಂದು ಕೇಳಿದಳಂತೆ. ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎಲ್ಲವನ್ನೂ ಹೇಳಿಕೊಂಡ. ಕಲ್ದಾರ್, ಜೋಶಾಂದಾ, ದೊಡ್ಡಪ್ಪನ ಸಾವು, ಅಕ್ಕನ ಅಳು, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ತಿರುಗಿದರೆ ಹಿಂದೆ ಅಪ್ಪ ನಿಂತಿದ್ದಾನೆ, ಬುಟ್ಟಿ ಹಿಡಿದುಕೊಂಡು.

"ಊರಾಗ ಇಷ್ಟ್ ಮಂದಿ ಸೇದ್ತಾರ. ನನಗೊಬ್ಬಗ ಯಾಕೋ ಸುಂಕ?"

"ಎಲ್ಲಾರಿಗೂ ಹಾಕ್ಲಾಕ ನನಗ ಅಧಿಕಾರ ಇಲ್ರಿ ಭಾವಾ" ಎಂದ ಮಾವ. "ನಮ್ಮ ಅಕ್ಕಗ ನೀವೊಬ್ರ ಅದೀರಿ."

ಅಪ್ಪ ಆಗಷ್ಟೇ ಕೊಂಡಿದ್ದ ಪಾಕೀಟುಗಳನ್ನು ಬುಟ್ಟಿಯಿಂದ ತೆಗೆದು ಮುದುಕಿಯ ಮುಂದೆ ಇಟ್ಟ. ರೊಕ್ಕ ವಾಪಸು ಕೇಳಲಿಲ್ಲ. ಅವತ್ತೇ ಬಿಟ್ಟುಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ವರ್ಷ ಹಿಡಿಯಿತು. ಆದರೆ ಬಿಟ್ಟ.

ಆ ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಊರು ದಾಟುವಷ್ಟರಲ್ಲಿ ಅಪ್ಪನಿಗೆ ಕೆಮ್ಮು ಹತ್ತಿತಂತೆ. ಮಾವ ಅಪ್ಪನ ಬೆನ್ನ ಮೇಲೆ ಇಟ್ಟ ಕೈಯನ್ನು ಕಲಬುರಗಿ ಬರುವವರೆಗೂ ತೆಗೆಯಲಿಲ್ಲ.