ಕುಂಕುಮ ಹಚ್ಚಿಟ್ಟ ಕಾರಿನ ಪುಸ್ತಕ

ಪ್ರೌಢಶಾಲೆಯ ವಿಜ್ಞಾನ ಮಾಸ್ತರನಿಗೆ ಒಂದು ಶಾಪವಿದೆ. ಅವನು 'ನನಗೆ ಗೊತ್ತಿಲ್ಲ' ಎನ್ನುವಂತಿಲ್ಲ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಗ್ರಹಣ ಹಿಡಿದರೂ ನನ್ನನ್ನೇ ಕೇಳುತ್ತಾರೆ, ಮಿಕ್ಸರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಗ್ರಹಣದ ವಿಷಯದಲ್ಲಿ ನನಗೆ ಭಯವಿಲ್ಲ, ನನ್ನ ಸಹಾಯವಿಲ್ಲದೆಯೇ ಅದು ಬಿಡುತ್ತದೆ. ಮಿಕ್ಸರ್ ಹಾಗಲ್ಲ. ನಾನು ಬಿಚ್ಚಿ ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದೇ ಉಳಿಯುತ್ತವೆ. "ಕಂಪನಿಯವರು ಹೆಚ್ಚಿಗಿ ಹಾಕಿರತಾರ" ಎಂದು ಹೇಳಿ ಅವನ್ನು ಜೇಬಿಗಿಳಿಸಿ ಗಾಂಭೀರ್ಯದಿಂದ ಎದ್ದು ಬರುತ್ತೇನೆ. ಹೀಗೆ ಕೂಡಿದ ಸ್ಕ್ರೂಗಳ ಒಂದು ಡಬ್ಬಿಯೇ ಮನೆಯಲ್ಲಿದೆ. ಹೆಂಡತಿ ಸುಮಂಗಲಾ ಅದನ್ನು ಒರೆಸುವಾಗಲೆಲ್ಲ ಬೇಕೆಂದೇ ಗಲಗಲ ಅಲ್ಲಾಡಿಸುತ್ತಾಳೆ.

ಇಂಥ ನನಗೆ ಹುಮನಾಬಾದಿನಲ್ಲಿರುವ ತಂಗಿ ಶಕುಂತಲಾಳ ಮಗಳು ಅಶ್ವಿನಿಯ ಮದುವೆ ನಿಶ್ಚಯಕ್ಕೆ ಕರೆ ಬಂತು. ನಮ್ಮಲ್ಲಿ ಸೋದರಮಾವ ತಂದ ಸೀರೆ ಉಟ್ಟಲ್ಲದೆ ಹುಡುಗಿ ಮಣೆಯ ಮೇಲೆ ಕೂರುವಂತಿಲ್ಲ. ಮುಹೂರ್ತ ಹನ್ನೊಂದಕ್ಕೆ. "ಬಸ್ಸಿಗೆ ಹೋಗೂಣ್ರಿ, ಹೊತ್ತಿಗೆ ಮುಟ್ಟತೀವಿ" ಎಂದು ಸುಮಂಗಲಾ ಹೇಳಿದಳು. ನನಗೆ ರೇಗಿತು. ಎರಡು ವರ್ಷದ ಹಿಂದೆ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದದ್ದು ಯಾತಕ್ಕೆ? ಸೋದರಮಾವ ಸೀರೆ ಹಿಡಿದು ಬಸ್ಸಿನಲ್ಲಿ ಜೋತಾಡುತ್ತ ಹೋಗಬೇಕೇ? ಸೀರೆಯ ಚೀಲವನ್ನು ಅವಳ ಕಾಲ ಬಳಿ ಇಟ್ಟು, ಕಾರು ಹೊರಡಿಸಿಯೇ ಬಿಟ್ಟೆ.

ಹೆದ್ದಾರಿ ಹಿಡಿದು ಅರ್ಧ ದಾರಿ ಸುಖವಾಗಿಯೇ ಕಳೆಯಿತು. ನಮ್ಮ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಮುಂದಿನ ವಾಹನದಿಂದ ಎಷ್ಟು ಅಂತರ ಇಟ್ಟುಕೊಳ್ಳಬೇಕು, ಯಾಕೆ ಇಟ್ಟುಕೊಳ್ಳಬೇಕು ಎಂಬುದನ್ನು ನಾನು ಅವಳತ್ತ ತಿರುಗಿ ಸೋದಾಹರಣವಾಗಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಹಂಪ್ ಬಂತು, ಟ್ರ್ಯಾಕ್ಟರ್ ನಿಂತಿತು, ನಾನು ನಿಲ್ಲಲಿಲ್ಲ. ಢಬ್!

ನಮಗಿಬ್ಬರಿಗೂ ಏನೂ ಆಗಲಿಲ್ಲ. ಕಬ್ಬಿಗಂತೂ ಏನೂ ಆಗಲಿಲ್ಲ. ಕಾರಿನ ಮೂತಿ ಮಾತ್ರ ಸೊಟ್ಟಗಾಗಿ, ಎಂಜಿನ್ ನಿಂತುಹೋಯಿತು. ಘಾಟಬೋರಾಳ ಊರಿನ ಆ ಟ್ರ್ಯಾಕ್ಟರಿನವನು ಒಳ್ಳೆಯವನು. ಬೈಯದೆ ಇಳಿದು ಬಂದು, "ಪೆಟ್ಟಾಗಿಲ್ಲಲ್ರಿ ಸರ?" ಎಂದು ಕೇಳಿ, ಕಾರನ್ನು ದೂಡಿ ಬದಿಗೆ ಹಚ್ಚಲು ಕೈಜೋಡಿಸಿದ. ಕೀಲಿ ತಿರುಗಿಸಿದೆ. ಕುಂಯ್ ಕುಂಯ್ ಕುಂಯ್ ಎಂದಿತು, ಚಾಲೂ ಆಗಲಿಲ್ಲ.

"ಬ್ಯಾಟರಿ ಸತ್ತದ" ಎಂದು ತೀರ್ಪು ಕೊಟ್ಟೆ.

"ಸತ್ತಿದ್ರ ಕುಂಯ್ ಅಂತ ಹ್ಯಾಂಗ ಅಳ್ತದ್ರಿ?" ಎಂದಳು ಸುಮಂಗಲಾ.

ಪ್ರಶ್ನೆ ವೈಜ್ಞಾನಿಕವಾಗಿತ್ತು. ಹಾಗಾಗಿ ನಾನು ನಿಶ್ಚಯಕ್ಕೆಂದು ಹಾಕಿದ್ದ ಬಿಳಿ ಅಂಗಿಯಲ್ಲೇ ಕಾರಿನ ಕೆಳಗೆ ತೂರಿದೆ. ಅಲ್ಲಿ ಏನೂ ಸೋರುತ್ತಿರಲಿಲ್ಲ. ಹೊರಬಂದಾಗ ಟ್ರ್ಯಾಕ್ಟರಿನವನು ತನ್ನ ತಪಾಸಣೆ ಶುರುಮಾಡಿದ್ದ.

"ನಿಂಬಿಹಣ್ಣ ಕಟ್ಟಿಲ್ಲೇನ್ರಿ?"

"ಕಟ್ಟೇವಲ್ಲಪ್ಪ, ನೋಡು."

"ಯಾವಾಗ ಕಟ್ಟೀರಿ?"

"ದಸರಾದ ಖಂಡೆಪೂಜಿಗೆ."

"ಅದರ ಪವರ್ ಮುಗದದ್ರಿ ಸರ" ಎಂದು ತಲೆಯಾಡಿಸಿ, ಕಾರ್ಖಾನೆಗೆ ಹೊತ್ತಾಯಿತೆಂದು ಹೊರಟುಹೋದ.

ಆಗ ತಂಗಿಯ ಫೋನ್ ಬಂತು. "ಅಣ್ಣಾ, ಎಲ್ಲಿದ್ದಿ? ಬೀಗರು ಬಂದು ಕುಂತಾರ. ಅಶ್ವಿನಿ ಹೆರಳ ಹಾಕ್ಕೊಂಡು ಹಳೀ ಸೀರಿ ಮ್ಯಾಲೇ ನಿನ್ನ ದಾರಿ ಕಾಯಾಕತ್ತಾಳ." "ಇಲ್ಲೇ ಬಂದ್ವಿ, ಹತ್ತು ಮಿನಿಟು" ಎಂದು ಸುಳ್ಳು ಹೇಳಿದೆ. ನನ್ನ ಸೈಕಲ್ಲಿನ ಮುಂದಿನ ದಂಡಿಯ ಮೇಲೆ ಕೂತು ಬೆಲ್ ಬಾರಿಸುತ್ತ ಬೆಳೆದ ಹುಡುಗಿ ಅಶ್ವಿನಿ. ಅವಳ ದೊಡ್ಡ ದಿನ ನನ್ನ ಪ್ರತಿಷ್ಠೆಯಿಂದ ಕೆಡುತ್ತಿತ್ತು.

ಅಷ್ಟರಲ್ಲಿ ಸುಮಂಗಲಾ ನನ್ನನ್ನು ಕೇಳದೆಯೇ ನಮ್ಮ ಕಾರಿನ ಮಿಸ್ತ್ರಿ ಖಾಜಾಮಿಯಾನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಬಾನೆಟ್ಟಿನ ಮೇಲಿಟ್ಟಿದ್ದಳು. ಅವನು ಬಸವಕಲ್ಯಾಣದ ತನ್ನ ಗ್ಯಾರೇಜಿನಲ್ಲಿ ಕೂತು ಡಾಕ್ಟರರಂತೆ ಕೇಳುತ್ತಿದ್ದ.

"ಸೆಲ್ಫ್ ಹೊಡ್ರಿ ಸರ. ಹಾಂ, ಬಸ್. ಈಗ ಬರೇ ಕೀಲಿ ಆನ್ ಮಾಡಿ ಹಿಂದಿನ ಸೀಟಿಗಿ ಕಿವಿ ಹಚ್ಚರಿ. ಝುಂ ಅಂತ ಪೆಟ್ರೋಲ್ ಎಳಿಯೋ ಪಂಪಿನ ಆವಾಜ್ ಬರತದ?"

ಹೆದ್ದಾರಿಯ ಬದಿಯಲ್ಲಿ ಹಿಂದಿನ ಸೀಟಿಗೆ ಕಿವಿ ಹಚ್ಚಿ ಮಲಗಿದೆ. "ಇಲ್ಲಪ್ಪ, ಏನೂ ಕೇಳಸವಲ್ದು."

"ಹಂಗಾದ್ರ ಫಿಕರ್ ಮಾಡಬ್ಯಾಡ್ರಿ. ಟಕ್ಕರ್ ಆದ್ರ ಪೆಟ್ರೋಲ್ ಬಂದ್ ಮಾಡೋ ಸ್ವಿಚ್ ಒಂದಿರತದ, ಬೆಂಕಿ ಹತ್ತಬಾರದಂತ. ಅದು ಎಗರಿರತದ. ಮೊದಲ ಕೆಳಗ ಪೆಟ್ರೋಲ್ ಸೋರಾಕತ್ತದೇನು ನೋಡ್ರಿ."

"ನೋಡೇನಿ, ಸೋರವಲ್ದು" ಎಂದೆ. ಆ ದಿನ ನಾನು ಮಾಡಿದ್ದ ಏಕೈಕ ಉಪಯುಕ್ತ ಕೆಲಸ ಅದು.

"ಹಂಗಾದ್ರ ಸ್ವಿಚ್ ಒತ್ತರಿ. ಎಲ್ಲಿರತದ ಅನ್ನೋದು ಗಾಡಿಗೊಂದು ನಮೂನಿ. ಗಾಡಿ ಜೊತಿ ಬಂದ ಬುಕ್ಕಿನಾಗ ಬರದಿರತದ. ಬುಕ್ ಅದ ಅಲ್ರಿ ಸರ?"

ನಾನು ಸುಮಂಗಲಾಳ ಮುಖ ನೋಡಿದೆ. ಅವಳು ಡ್ಯಾಶ್‌ಬೋರ್ಡಿನ ಖಾನೆಯ ಕಡೆ ನೋಡಿದಳು. ಪುಸ್ತಕ ಇತ್ತು. ಕಾರು ಕೊಟ್ಟ ಹೈದರಾಬಾದಿನ ಹಿರಿಯರು "ಇದನ್ನ ಒಮ್ಮೆ ಓದ್ರಿ" ಎಂದು ಕೈಗಿಟ್ಟಾಗ, ಪುಸ್ತಕವೆಂದರೆ ಸರಸ್ವತಿ ಎಂದು ಕಣ್ಣಿಗೊತ್ತಿಕೊಂಡು ತಂದಿದ್ದೆ. ಎರಡು ಖಂಡೆಪೂಜೆಗೂ ಕತ್ತಿ, ಸ್ಪ್ಯಾನರುಗಳ ಜೊತೆ ಅದನ್ನೂ ಇಟ್ಟು, ಕುಂಕುಮ ಹಚ್ಚಿ, ಕೆಂಪು ಬಟ್ಟೆಯಲ್ಲಿ ಸುತ್ತಿ, ಅರಿಷಿಣದ ದಾರದಿಂದ ಬಿಗಿದಿದ್ದೆ. 'ಪುಸ್ತಕಕ್ಕೆ ಊದಿನಕಡ್ಡಿ ಬೆಳಗಿದರೆ ಪಾಸಾಗೋದಿಲ್ಲ, ತೆರೆದು ಓದಬೇಕು' ಎಂದು ಪ್ರತಿ ವರ್ಷ ಹತ್ತನೆಯ ತರಗತಿಗೆ ಭಾಷಣ ಬಿಗಿಯುವವನೂ ನಾನೇ.

ನನ್ನ ಭಕ್ತಿಯ ಗಂಟು ಕೈಗೆ ಬಿಚ್ಚಲಿಲ್ಲ, ಹಲ್ಲಿನಿಂದ ಹರಿದೆ. ಒಣಗಿದ ಬನ್ನಿ ಎಲೆಗಳು ಉದುರಿದವು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ 'ವಾಹನ ನಡೆಸುವ ಮೊದಲು ಓದಿ' ಎಂದು ಇಂಗ್ಲಿಷಿನಲ್ಲಿತ್ತು. ಅದರ ಮೇಲೆ ನನ್ನ ಹೆಬ್ಬೆರಳಿನ ಕುಂಕುಮ. ಪುಟ ತಿರುವುತ್ತ ಹೋಗಿ ಆ ಸ್ವಿಚ್ಚಿನ ಹೆಸರು ಎರಡೆರಡು ಸಲ ಓದಿದೆ. ಇನರ್ಷಿಯಾ ಸ್ವಿಚ್. ಇನರ್ಷಿಯಾ ಎಂದರೆ ಜಡತ್ವ. ಬಸ್ಸು ಗಕ್ಕನೆ ನಿಂತರೆ ಪ್ರಯಾಣಿಕರು ಮುಂದಕ್ಕೆ ಯಾಕೆ ಬೀಳುತ್ತಾರೆ ಎಂದು ಇಪ್ಪತ್ತನಾಲ್ಕು ವರ್ಷಗಳಿಂದ ನಾನು ಬರೆಸುತ್ತ ಬಂದ ಅದೇ ಪಾಠ.

"ಅಂದ್ರೇನ್ರಿ?" ಎಂದು ಸುಮಂಗಲಾ ಕೇಳಿದಳು.

"ಆಮ್ಯಾಲ ಹೇಳತೀನಿ" ಎಂದೆ.

ಸ್ವಿಚ್ ಇದ್ದದ್ದು ಅವಳ ಕಾಲ ಬಳಿ, ಸೀರೆಯ ಚೀಲದ ಹಿಂದೆ. ಚೀಲ ಸರಿಸಿ ಅವಳೇ ಒತ್ತಿದಳು. ಕೀಲಿ ತಿರುಗಿಸಿದೆ. ಸೊಟ್ಟ ಮೂತಿಯ ಕಾರು ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಯಿತು. ನಾವು ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಅಶ್ವಿನಿ ಓಡಿ ಬಂದು ಸೀರೆ ಕಸಿದುಕೊಂಡು, "ಮಾಮಾ, ಮೊದಲ ಮಾರಿ ತೊಳಕೊ" ಎಂದಳು. ಆ ಬೈಗುಳ ಕೇಳಿ ನನಗೆ ಕಣ್ಣು ತುಂಬಿ ಬಂತು.

ಈ ಸಲದ ಖಂಡೆಪೂಜೆಗೆ ನಾನು ಪುಸ್ತಕ ಇಡಲಿಲ್ಲ. ಅದನ್ನು ಕೈಯಲ್ಲೇ ಹಿಡಿದು, ಮೂರನೆಯ ಸಲ ಓದುತ್ತ, ಎಲ್ಲರಿಗೂ ಕಾಣುವಂತೆ ಪಡಸಾಲೆಯಲ್ಲಿ ಕೂತಿದ್ದೆ. ಸುಮಂಗಲಾ ಕುಂಕುಮದ ಬಟ್ಟಲು ಹಿಡಿದು ಕತ್ತಿ, ಸ್ಪ್ಯಾನರುಗಳಿಗೆಲ್ಲ ಹಚ್ಚಿ, ನೆಟ್ಟಗೆ ನನ್ನ ಬಳಿ ಬಂದು ನನ್ನ ಹಣೆಗೂ ಒಂದು ಬೊಟ್ಟು ಇಟ್ಟಳು.

"ನನಗ್ಯಾಕ?" ಎಂದೆ.

"ನಿಮ್ಮ ಒಳಗೂ ಎಲ್ಲಾ ಬರದದ, ಹೊತ್ತಿಗಿ ತೆರಿಯಂಗಿಲ್ಲ. ಇಂಥಾವಕ್ಕ ನಮ್ಮ ಮನ್ಯಾಗ ಪೂಜಿ ಮಾಡೋ ಪದ್ಧತಿ ಅದಲ್ರಿ" ಎಂದು ಕೈಮುಗಿದು ಒಳಗೆ ಹೋದಳು.