ಪವರ್ ಸಪ್ಲೈಗೆ ಹೆಚ್ಚಾದ ಭಾಗಗಳು

ನಕಾಶೆ ಶಾಖೆಯಲ್ಲಿ ಕಂಪ್ಯೂಟರೊಂದನ್ನು ಜೋಡಿಸತಕ್ಕದ್ದೆಂದೂ, ನಿರ್ದೇಶಕರ ಸಮಕ್ಷಮದಲ್ಲಿ ಅದು ಚಾಲೂ ಆದ ಗಳಿಗೆಯಿಂದಲೇ ಶಾಖೆಯ ಅಧೀಕ್ಷಕರು ಉಪನಿರ್ದೇಶಕರೆನಿಸತಕ್ಕದ್ದೆಂದೂ ಆಜ್ಞೆಯಾಗಿತ್ತು. ಬಿಡಿಭಾಗಗಳು ಒಂದೊಂದಾಗಿ ಬಂದು ಮೇಜಿನ ಮೇಲೆ ಬಿಜಯಂಗೈದವು. ಅವೆಲ್ಲಕ್ಕೂ ವಿದ್ಯುತ್ತನ್ನು ಹಂಚಿಕೊಡುವ ಪವರ್ ಸಪ್ಲೈ ಎಂಬ ಪೆಟ್ಟಿಗೆಯನ್ನು ಅಧೀಕ್ಷಕರ ಭಾವಮೈದುನನು ತನ್ನ ಅಂಗಡಿಯಿಂದಲೇ ಪೂರೈಸಿದ್ದನು.

ಜೋಡಿಸಲು ಬಂದ ಮೆಕ್ಯಾನಿಕ್ ಅದರ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದನು. 'ಆರುನೂರು ವ್ಯಾಟ್' ಎಂಬುದರ ಅಡಿಯಲ್ಲಿ 'ಮುನ್ನೂರು ವ್ಯಾಟ್' ಎಂಬ ಮತ್ತೊಂದು ಚೀಟಿ ನೆಮ್ಮದಿಯಾಗಿ ಮಲಗಿತ್ತು.

"ಸಾರ್, ನಕಾಶೆ ಬಿಡಿಸೋ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರು ಎಲ್ಲ ಸೇರಿ ಐನೂರೈವತ್ತು ಬೇಕು. ಇದು ಸಾಲಲ್ಲ."

"ಎರಡು ಚೀಟಿನೂ ಕೂಡಿಸಿ ನೋಡಪ್ಪ, ಒಂಬೈನೂರಾಗುತ್ತೆ. ಅಲ್ವಾ ಭಾವ?" ಎಂದನು ಭಾವಮೈದುನ.

ಅಧೀಕ್ಷಕರು ಧರ್ಮಸಂಕಟಕ್ಕೆ ಸಿಲುಕಿದರು. ಪೆಟ್ಟಿಗೆಯನ್ನು ಹಿಂದಿರುಗಿಸಿದರೆ ಮನೆಯಲ್ಲಿ ಪತ್ನಿಯು ಮುಖ ಊದಿಸಿಕೊಳ್ಳುವಳು. ಇರಿಸಿಕೊಂಡರೆ ಉಪನಿರ್ದೇಶಕರ ಕುರ್ಚಿಯು ಕೈತಪ್ಪುವುದು. ಇಂತಹ ಸಂದರ್ಭದಲ್ಲಿ ಪ್ರಾಜ್ಞರು ಏನು ಮಾಡುವರೋ ಅದನ್ನೇ ಮಾಡಿದರು, ಎಂದರೆ ಹೊಂದಾಣಿಕಾ ಪರಿಶೀಲನಾ ಸಮಿತಿಯನ್ನು ರಚಿಸಿದರು.

ಸಮಿತಿಯೆದುರು ಮೆಕ್ಯಾನಿಕ್ ಇನ್ನೊಂದು ತಕರಾರು ತೆಗೆದನು. ಗ್ರಾಫಿಕ್ಸ್ ಕಾರ್ಡಿನಲ್ಲಿ ಎಂಟು ಪಿನ್ನಿಗೆ ಜಾಗವಿದ್ದು, ಪೆಟ್ಟಿಗೆಯ ತಂತಿಯಲ್ಲಿ ಇದ್ದದ್ದು ಆರೇ.

"ಎಂಟಕ್ಕೆ ಆರು ಭರ್ತಿಯಾಗಿವೆಯಲ್ಲಯ್ಯಾ," ಎಂದರು ಹಿರಿಯ ಗುಮಾಸ್ತರು. "ನಮ್ಮಲ್ಲಿ ಎಂಟು ಹುದ್ದೆಗೆ ಮೂರೇ ಜನ. ಶಾಖೆ ನಡೀತಿಲ್ವೇ?"

ಸಮಿತಿಯು ತಲೆದೂಗಿತು. ಸ್ವಿಚ್ಚು ಒತ್ತಲಾಗಿ, ಯಂತ್ರವು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಅಧೀಕ್ಷಕರು ಕುರ್ಚಿಯನ್ನು ಮನಸಾರೆ ಸ್ಮರಿಸಿ, ಈ ಪ್ರಕಟಣೆಯನ್ನು ಗೋಡೆಗೆ ಅಂಟಿಸಿದರು:

"ಪವರ್ ಸಪ್ಲೈಯು ಭಾಗಗಳಿಗೆ ಸಾಲದೆ ಬಂದಲ್ಲಿ, ಭಾಗಗಳೇ ಪವರ್ ಸಪ್ಲೈಗೆ ಹೆಚ್ಚಾದವೆಂದು ಭಾವಿಸತಕ್ಕದ್ದು. ಹೆಚ್ಚಾದುದನ್ನು ತೆಗೆದಿಡತಕ್ಕದ್ದು."

ಅಂತೆಯೇ ಗ್ರಾಫಿಕ್ಸ್ ಕಾರ್ಡು ಹೆಚ್ಚಾಯಿತು. ಪೆಟ್ಟಿಗೆಯು ಮುನ್ನೂರನ್ನೂ ಕೊಡುವ ಜಾಯಮಾನದ್ದಲ್ಲವಾದುದರಿಂದ ಪ್ರೊಸೆಸರು ಹೆಚ್ಚಾಯಿತು, ಮದರ್‌ಬೋರ್ಡೂ ಹೆಚ್ಚಾಯಿತು. ತೆಗೆದುದೆಲ್ಲವನ್ನು ಜೋಪಾನ ಮಾಡಲು ಭಾವಮೈದುನನು ತನ್ನ ಅಂಗಡಿಯ ಗಾಜಿನ ಕಪಾಟನ್ನೇ ಬಿಟ್ಟುಕೊಟ್ಟು, ಗುರುತಿಗಾಗಿ ಒಂದೊಂದಕ್ಕೂ ಬೆಲೆಯ ಚೀಟಿ ಹಚ್ಚಿದನು.

"ಇನ್ನು ಉಳಿದಿರೋದು ಫ್ಯಾನು, ದೀಪ ಅಷ್ಟೇ ಸಾರ್," ಎಂದನು ಮೆಕ್ಯಾನಿಕ್.

"ತಿರುಗುತ್ತಾ?" ಎಂದು ಕೇಳಿದರು ಅಧೀಕ್ಷಕರು.

"ಮದರ್‌ಬೋರ್ಡ್ ಇಲ್ದಿದ್ರೂ ಪೆಟ್ಟಿಗೆಗೆ ಒಂದು ತುಂಡು ತಂತಿ ಸಿಕ್ಕಿಸಿದ್ರೆ ತಿರುಗುತ್ತೆ."

"ಸಿಕ್ಕಿಸು. ಬೇರೇನೂ ಹಾಕಿ ಹೊಂದಾಣಿಕೆ ಕೆಡಿಸಬೇಡ."

ನಿರ್ದೇಶಕರು ಬಂದು ಸ್ವಿಚ್ಚು ಒತ್ತಿದರು. ನೀಲಿಯ ದೀಪ ಬೆಳಗಿತು, ಫ್ಯಾನು ತಿರುಗಿತು. "ಎಷ್ಟು ತಂಪಾಗಿ ಕೆಲಸ ಮಾಡ್ತದೆ," ಎಂದು ಅವರು ಬೆರಗಾದರು. ಅಧೀಕ್ಷಕರು ಅಲ್ಲಿಯೇ ಉಪನಿರ್ದೇಶಕರಾದರು. ಉಳಿದ ಶಾಖೆಗಳಿಗೂ ಇಂಥದೇ ಪೆಟ್ಟಿಗೆಗಳನ್ನು ಪೂರೈಸುವಂತೆ ಭಾವಮೈದುನನಿಗೆ ಆದೇಶವಾಯಿತು.

ಈಗ ಶಾಖೆಯಲ್ಲಿ ನಕಾಶೆಗಳನ್ನು ಎಂದಿನಂತೆ ಕೈಯಲ್ಲೇ ಬಿಡಿಸಿ, ಮಸಿ ಆರುವವರೆಗೆ ಯಂತ್ರದ ಮುಂದೆ ಹಿಡಿಯುವರು. ಅದಕ್ಕೆ ಕಂಪ್ಯೂಟರ್ ಶುಲ್ಕವು ಪ್ರತ್ಯೇಕ. ಮನೆಯ ಸೈಟಿನ ನಕಾಶೆಗೆಂದು ಬಂದ ಮುದುಕಿಯೊಬ್ಬಳು ಕಾಗದವನ್ನು ತಿರುಗಿಸಿ ನೋಡಿ ಕೇಳಿದಳು:

"ಇದು ಕಂಪ್ಯೂಟರಿಂದಲೇ ಬಂದಿದ್ದೇನಪ್ಪಾ?"

"ಒಣಗಿದ್ದು ಅದರಿಂದಲೇ ಅಮ್ಮ," ಎಂದರು ಉಪನಿರ್ದೇಶಕರು.

ಮುದುಕಿಯು ಬೆರಳಿನಿಂದ ಗೆರೆಯನ್ನು ಒರೆಸಿ ನೋಡಿದಳು. ಮಸಿ ಅಂಟಲಿಲ್ಲ. "ಹಾಗಾದ್ರೆ ಸರಿ," ಎಂದು ಶುಲ್ಕ ತೆತ್ತು ಹೊರಟಳು.