ದೊಡ್ಡಪ್ಪ ಎಂಬ ನೀಲಿ ನಕ್ಷತ್ರ

ನಮ್ಮ ದೊಡ್ಡಪ್ಪನಿಗೆ ವಯಸ್ಸಾಗುತ್ತಿರಲಿಲ್ಲ. ನಗಬೇಡಿ, ಇದು ನನ್ನ ಮಾತಲ್ಲ, ಅವರೇ ಹೇಳುತ್ತಿದ್ದದ್ದು. ಅರವತ್ತು ತುಂಬಿದರೂ ತಲೆಯಲ್ಲಿ ಒಂದು ನರೆಗೂದಲಿಲ್ಲ. ಚಕ್ಕುಲಿಯನ್ನು ಪಕ್ಕದ ಮನೆಗೆ ಕೇಳಿಸುವಂತೆ ಕಡಿಯುತ್ತಿದ್ದರು. ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಹೊರಟುಬಿಟ್ಟ ಬಸ್ಸನ್ನು ಓಡಿ ಹಿಡಿಯುತ್ತಿದ್ದರು. ಬೇರೆಯವರಾಗಿದ್ದರೆ ದೇವರ ದಯೆ ಎಂದು ಕೈಮುಗಿದು ಸುಮ್ಮನಾಗುತ್ತಿದ್ದರು. ಆದರೆ ಜೀವಮಾನವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಸುಮ್ಮನಾಗುವುದುಂಟೇ? ಅವರಿಗೆ ಕಾರಣ ಬೇಕಿತ್ತು. ಆ ಕಾರಣವನ್ನು ಹುಡುಕಲು ಅವರು ಹೋದದ್ದು ಸೀದಾ ಆಕಾಶಕ್ಕೆ!

ಆಗ ನಾನು ಬೇಲೂರಿನ ಪ್ರೈಮರಿ ಸ್ಕೂಲಿಗೆ ಹೊಸದಾಗಿ ಟೀಚರಾಗಿ ಬಂದು ಅವರ ಮನೆಯಲ್ಲೇ ಇದ್ದೆ. ಅರೇಹಳ್ಳಿಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಅವರ ಹಳೆಯ ಶಿಷ್ಯನೊಬ್ಬ ಇಂಗ್ಲಿಷಿನ ವಿಜ್ಞಾನ ಪತ್ರಿಕೆಗಳನ್ನೂ ಒಂದು ಬೈನಾಕ್ಯುಲರನ್ನೂ ತಂದುಕೊಟ್ಟಿದ್ದ. ಬೈನಾಕ್ಯುಲರು ದೊಡ್ಡಪ್ಪನ ಕೊರಳಿನಲ್ಲಿ ಜನಿವಾರಕ್ಕೆ ಜೊತೆಯಾಯಿತು. ಪತ್ರಿಕೆಯಲ್ಲಿ ಸಿಕ್ಕಿದ್ದು ಬ್ಲೂ ಸ್ಟ್ರ್ಯಾಗ್ಲರ್ ಎಂಬ ಜಾತಿಯ ನಕ್ಷತ್ರ. ಅದನ್ನು ನಮಗೋಸ್ಕರ ‘ಹಿಂದುಳಿದ ನೀಲಿ’ ಎಂದು ಕನ್ನಡಕ್ಕೆ ತಂದರು. ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲೆ ಪಾಠ ಶುರು.

“ನೋಡೇ, ನಕ್ಷತ್ರದ ಗುಂಪು ಅಂದ್ರೆ ಒಂದೇ ಮನೆ ಮಕ್ಕಳ ಹಾಗೆ. ಎಲ್ಲಾ ಒಟ್ಟಿಗೇ ಹುಟ್ಟಿದ್ದು. ದಪ್ಪಗಿರೋವು ನೀಲಿಯಾಗಿ ಧಗಧಗ ಉರಿದು ಬೇಗ ಸೌದೆ ಮುಗಿಸ್ಕೋತವೆ. ಆಮೇಲೆ ಊದ್ಕೊಂಡು ಕೆಂಪಾಗ್ತವೆ. ಸಣ್ಣವು ನಿಧಾನ, ಬಾಳಿಕೆ ಜಾಸ್ತಿ. ಹಾಗಾಗಿ ಹಳೇ ಗುಂಪಲ್ಲಿ ನೀಲಿ ಅನ್ನೋದೇ ಇರಕೂಡದು. ಆದ್ರೂ ಒಂದೆರಡು ಇರ್ತವೆ, ನಿನ್ನೆ ಮೊನ್ನೆ ಹುಟ್ಟಿದ ಹಾಗೆ ಹೊಳೀತಾ.”

“ಯಾಕೆ ದೊಡ್ಡಪ್ಪ?”

“ಗೊತ್ತಿಲ್ಲ ಕಣೇ. ಗೊತ್ತಿದ್ರೆ ಇಷ್ಟು ಚೆನ್ನಾಗಿರ್ತಿತ್ತಾ?”

ಒಟ್ಟಿನಲ್ಲಿ ಆಕಾಶದಲ್ಲಿ ಅವು, ಬೇಲೂರಿನಲ್ಲಿ ತಾವು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ದೊಡ್ಡಮ್ಮ ಅವರಿಗಿಂತ ಎಂಟು ವರ್ಷ ಚಿಕ್ಕವರು ಎಂದರೆ ಯಾರೂ ನಂಬುತ್ತಿರಲಿಲ್ಲ. ಆ ವರ್ಷವಂತೂ ತೀರಾ ಸೊರಗಿದ್ದರು. ಒಂದು ಕೊಡ ನೀರು ಸೇದಿದರೆ ಕಂಬ ಹಿಡಿದು ನಿಲ್ಲಬೇಕು. ರಕ್ತ ಬಹಳ ಕಡಿಮೆಯಾಗಿದೆ, ಹೊತ್ತುಹೊತ್ತಿಗೆ ಹೊಟ್ಟೆ ತುಂಬ ಉಣ್ಣದಿದ್ದರೆ ಜೀವಕ್ಕೇ ಕಷ್ಟ ಎಂದು ಹಾಸನದ ಡಾಕ್ಟರು ನಮ್ಮೆಲ್ಲರೆದುರೇ ಹೇಳಿದ್ದರು. ದೊಡ್ಡಪ್ಪ ಅಂದೇ ಟಾನಿಕ್ ತಂದುಕೊಟ್ಟು, ತಮ್ಮ ಕರ್ತವ್ಯ ಮುಗಿಯಿತೆಂದು ಮತ್ತೆ ಆಕಾಶ ನೋಡತೊಡಗಿದರು. ಬಳೆ ತೊಡಿಸಲು ಬಂದ ಬಳೆಗಾರ ಜಗಲಿಯ ಮೇಲಿದ್ದ ದೊಡ್ಡಪ್ಪನನ್ನು ತೋರಿಸಿ, “ನಿಮ್ ತಮ್ಮ ಬಂದವ್ರಾ ಅವ್ವಾ?” ಎಂದು ದೊಡ್ಡಮ್ಮನನ್ನು ಕೇಳಿದ. ದೊಡ್ಡಪ್ಪ ಆ ಮಾತನ್ನು ಬೀದಿಗೆಲ್ಲ ಹಂಚಿ ಬಂದರು. ದೊಡ್ಡಮ್ಮನೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬಳೆಗಳು ಅವರ ಮುಂಗೈಯಿಂದ ಮೊಣಕೈವರೆಗೆ ಜಾರಿ ಹೋಗುತ್ತಿದ್ದವು.

ಆ ನೀಲಿಗಳು ಗುಂಪಿನ ಜೊತೆಗೆ ಹುಟ್ಟಿದ್ದೇ ಅಲ್ಲ, ತಡವಾಗಿ ಹುಟ್ಟಿದವು ಎಂಬುದು ಪತ್ರಿಕೆಯ ಒಂದು ವಾದ. ದೊಡ್ಡಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ತಾವು ಹುಟ್ಟಿದ ಪ್ಲವಂಗ ಸಂವತ್ಸರದಲ್ಲೇ ಹುಟ್ಟಿ ತಮ್ಮಂತೆಯೇ ಮುಪ್ಪಾಗದ ಇನ್ನೊಬ್ಬರು ಸಿಕ್ಕರೆ ಆ ವಾದ ಬಿದ್ದ ಹಾಗೆ ಎಂದು ಹುಡುಕಾಟಕ್ಕೆ ಹೊರಟರು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅವರ ಬಾಲ್ಯದ ಗೆಳೆಯರೊಬ್ಬರಿದ್ದರು. ಪೂರ್ತಿ ಬೋಳುತಲೆ. ವಿಷಯವನ್ನೆಲ್ಲ ಗಂಭೀರವಾಗಿ ಕೇಳಿ ಅವರು ಹೇಳಿದರು:

“ಹಳೇಬೀಡಲ್ಲಿ ನಮ್ಮ ಬೀಗರ ಮನೇಲಿ ಒಬ್ರವ್ರೆ ಕಣ್ಲಾ. ಪ್ಲವಂಗದಾಗೇ ಹುಟ್ಟಿರೋದು. ಮುಖದ ಮ್ಯಾಲೆ ಒಂದು ಗೆರೆ ಇಲ್ಲ, ಒಂದು ಹಲ್ಲು ಬಿದ್ದಿಲ್ಲ.”

“ಆಹಾರ ಏನು?”

“ಬರೀ ಹಾಲು.”

ಭಾನುವಾರ ನನ್ನನ್ನೂ ಎಳೆದುಕೊಂಡು ಹಳೇಬೀಡಿನ ಬಸ್ಸು ಹತ್ತಿದರು. ಆ ಮನೆಯವರು ಉಪಚಾರ ಮಾಡಿ ಕೂರಿಸಿ, ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಒಂದು ತೊಟ್ಟಿಲ ಮುಂದೆ! ಹಲ್ಲು ಬಿದ್ದಿರಲಿಲ್ಲ ನಿಜ, ಇನ್ನೂ ಮೂಡಿಯೇ ಇರಲಿಲ್ಲ. ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ತಿರುಗಿ ಬರುತ್ತದೆ, ಆ ವರ್ಷವೂ ಪ್ಲವಂಗವೇ ಎಂಬುದನ್ನು ಕೋಟಿ ಮೈಲಿಗಳ ಲೆಕ್ಕ ಹಾಕುವ ಮನುಷ್ಯ ಮರೆತಿದ್ದರು. ನಾಚಿಕೊಂಡರೇ? ಎಲ್ಲಿ ಬಂತು! ಮಗುವಿನ ಕೆನ್ನೆ ಸವರಿ, “ತಡವಾಗಿ ಹುಟ್ಟಿದ್ರೆ ಹೀಗಿರ್ತವೆ. ನಾನು ಹೀಗಿದೀನಾ? ಆ ವಾದ ಬಿತ್ತು” ಎಂದು ಗೆದ್ದವರಂತೆ ಬಸ್ಸಿಗೆ ಓಡಿದರು.

ಶಿವರಾತ್ರಿ ಕಳೆದ ಮೇಲೆ ಹೊಸ ಪತ್ರಿಕೆ ಬಂತು. ಅಂದು ಮುಸ್ಸಂಜೆ ಕತ್ತಲಾಗುತ್ತಲೇ ದೊಡ್ಡಪ್ಪ ಪೂರ್ವಕ್ಕೆ ಕೈ ತೋರಿಸಿ, ಪುಷ್ಯದ ಬಳಿ ಮಸುಕು ಮಸುಕಾಗಿ ಕಾಣುವ ನಕ್ಷತ್ರದ ಗುಂಪನ್ನು ಹುಡುಕಿಕೊಟ್ಟರು. ಅದರಲ್ಲೂ ಒಂದು ನೀಲಿ ಇದೆಯಂತೆ. ದೊಡ್ಡಮ್ಮನೂ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತರು.

“ಈಗ ಸಿಕ್ತು ಕಾರಣ. ಈ ನೀಲಿಗೆ ಒಂದು ಜೋಡಿ ಇರತ್ತಂತೆ. ಒಂದನ್ನೊಂದು ಸುತ್ತುತಾ ಇರ್ತವೆ. ಜೋಡಿ ಊದ್ಕೊಂಡಾಗ ಅದರ ಮೈಲಿರೋದೆಲ್ಲಾ ಇದರ ಮೇಲೆ ಸುರಿಯತ್ತೆ. ಹೊಸ ಸೌದೆ ಸಿಕ್ತಲ್ಲ, ಇದಕ್ಕೆ ಮತ್ತೆ ಯೌವನ.”

“ಕೊಟ್ಟ ಜೋಡಿ ಏನಾಗತ್ತೆ ರೀ?” ದೊಡ್ಡಮ್ಮ ಕೇಳಿದರು.

“ಅದಾ? ಸೊರಗಿ ಸೊರಗಿ ಪುಟ್ಟ ಬಿಳೀ ಚುಕ್ಕೆ ಆಗತ್ತೆ. ಇದರ ಬೆಳಕಲ್ಲಿ ಕಣ್ಣಿಗೇ ಬೀಳಲ್ಲ.”

“ನೀಲೀದಕ್ಕೆ ಅದು ಗೊತ್ತಿರತ್ತಾ?”

ದೊಡ್ಡಪ್ಪ ಕೈಯಲ್ಲಿದ್ದ ಪತ್ರಿಕೆಯನ್ನು ತಿರುವಿ ಹಾಕಿದರು. “ಇದರಲ್ಲಿ ಬರೆದಿಲ್ಲ” ಎಂದರು. ದೊಡ್ಡಮ್ಮ, “ಎಲೆ ಹಾಕ್ತೀನಿ, ಬನ್ನಿ” ಎಂದು ಒಳಗೆ ಹೋದರು.

ಆ ಮನೆಯಲ್ಲಿ ಯಜಮಾನರದಾದ ಮೇಲೆ ಹೆಂಗಸರ ಊಟ. ದಣಿದು ಬರುವವಳೆಂದು ನನ್ನನ್ನೂ ಮೊದಲೇ ಕೂರಿಸಿಬಿಡುತ್ತಿದ್ದರು. ದೊಡ್ಡಮ್ಮ ಮಾತ್ರ ಕೊನೆಯಲ್ಲಿ, ಗಂಡ ಉಂಡೆದ್ದ ಎಲೆಯಲ್ಲೇ, ಉಳಿದದ್ದನ್ನು ಬಡಿಸಿಕೊಳ್ಳುವುದು. ಜೊತೆಗೆ ಕೂತ್ಕೊಳ್ಳಿ ಎಂದು ನಾನು ಹೇಳಿದರೆ, “ಅದೆಲ್ಲಾ ಎಲ್ಲಾದ್ರೂ ಉಂಟಾ?” ಎನ್ನುತ್ತಿದ್ದರು. ದೊಡ್ಡಪ್ಪ ಕೈ ತೊಳೆದವರು ಜಗಲಿಗೆ ಹೋಗಿಬಿಡುತ್ತಿದ್ದರಿಂದ ಆ ಊಟವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಅಂದು ಏನೂ ತೋಚದವರಂತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ದೊಡ್ಡಮ್ಮ ತಳ ಹಿಡಿದ ಅನ್ನವನ್ನು ಕೆರೆದು ಎಲೆಗೆ ಹಾಕಿಕೊಂಡು ನೀರುಮಜ್ಜಿಗೆ ಸುರಿದುಕೊಳ್ಳುತ್ತಿದ್ದರು.

“ಹುಳಿ ಎಲ್ಲಿ?”

“ಮುಗೀತು.”

“ಪಲ್ಯ?”

“ನಿಮಗೆ ಇಷ್ಟ ಅಂತ ಇನ್ನೊಂದ್ಸಲ ಬಡಿಸಿದ್ನಲ್ಲ.”

“ದಿನಾ ಹೀಗೇನಾ?”

“ನಂಗೆ ಹಸಿವು ಕಮ್ಮಿ ರೀ.”

ದೊಡ್ಡಪ್ಪ ಹೊಸ್ತಿಲ ಮೇಲೆಯೇ ಕೂತರು. “ನೀಲೀದಕ್ಕೆ ಗೊತ್ತಿರ್ಲಿಲ್ಲ ಕಣೇ” ಎಂದರು.

ಆಮೇಲೆ ಎದ್ದು ಆ ಎಲೆಯನ್ನು ತೆಗೆದರು. ನನ್ನನ್ನು ಹತ್ತಿರ ಬರಗೊಡದೆ ತಾವೇ ಒಲೆ ಊದಿ, ಕಣ್ಣು ಕೆಂಪು ಮಾಡಿಕೊಂಡು ಅನ್ನಕ್ಕಿಟ್ಟರು. ಅನ್ನ ಮುದ್ದೆಯಾಯಿತು. ಹೊಸ ಎಲೆ ಹಾಕಿ, ತುಪ್ಪ ಸುರಿದು, ಉಪ್ಪಿನಕಾಯಿ ಇಟ್ಟು, ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತರು. ದೊಡ್ಡಮ್ಮ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಕೂತರು. ನಾನು ಅಳು ತಡೆಯಲಾಗದೆ ಹಿತ್ತಲಿಗೆ ಹೋದೆ. ಒಳಗಿನಿಂದ ದೊಡ್ಡಪ್ಪನ ದನಿ ಕೇಳುತ್ತಿತ್ತು: “ಇನ್ನೊಂದು ತುತ್ತು ಕಣೇ. ನನಗೋಸ್ಕರ, ಇನ್ನೊಂದೇ ತುತ್ತು.”